ಒಂದು ವರ್ಷ ಮನೆಯಲ್ಲಿದ್ದು ಓದಲೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ಹತ್ತನೆಯ ತರಗತಿವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದೆ. ಪಿಯು ವಿಜ್ಞಾನ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ. ನೀಟ್‌ನಲ್ಲಿ 168 ಪ್ರಶ್ನೆಗೆ ಉತ್ತರ ಬರೆದು 312 ಅಂಕ ಬಂದಿದೆ. ಜೀವಶಾಸ್ತ್ರ 204, ರಸಾಯನಶಾಸ್ತ್ರ 72, ಭೌತಶಾಸ್ತ್ರ 36. ಒಂದು ವರ್ಷ ಬಿಟ್ಟು ಮತ್ತೆ ಬರೆಯುವ ಆಸೆ. ಲಾಂಗ್ ಟರ್ಮ್ ಕೋಚಿಂಗಿಗೆ ಅವ್ವನ ಬಂಗಾರ ಅಡ ಇಡುತ್ತೇನೆ ಅನ್ನುತ್ತಾರೆ ಅಪ್ಪ. ನನಗೆ ಅದು ಬೇಡ. ಆದರೆ ಮನೆಯಲ್ಲೇ ಕೂತು ಓದಿದರೆ ವರ್ಷ ತುಂಬುವ ಮೊದಲೇ ಗಂಡು ನೋಡಲು ಶುರು ಮಾಡುತ್ತಾರೆ ಎಂಬ ಭಯ. ಏನು ಮಾಡಲಿ?

ಉತ್ತರ: ಬರೆ ತಂಗಿ, ಮತ್ತೊಮ್ಮೆ ಬರೆ. ಆದರೆ ಒಂದೇ ವರ್ಷ, ಅದಕ್ಕಿಂತ ಹೆಚ್ಚು ಬೇಡ. ಅವ್ವನ ಬಂಗಾರ ಪೆಟ್ಟಿಗೆಯಲ್ಲೇ ಇರಲಿ.

312 ಅಂಕದಿಂದ ಸರ್ಕಾರಿ ಎಂಬಿಬಿಎಸ್ ಸೀಟು ದೂರವಿದೆ, ಅದನ್ನು ಮುಚ್ಚಿಟ್ಟು ಧೈರ್ಯ ಹೇಳಲಾರೆ. ಎಷ್ಟು ದೂರ ಎಂಬುದನ್ನು ನೀನೇ ಕಣ್ಣಾರೆ ನೋಡಬೇಕು. ಪ್ರಶ್ನೆಪತ್ರಿಕೆ ಸುಲಭವೋ ಕಷ್ಟವೋ ಎಂಬುದರ ಮೇಲೆ ಅಂಕ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ, ಆದ್ದರಿಂದ ರ‍್ಯಾಂಕ್ ಹಿಡಿದು ನೋಡು. ಹಿಂದಿನ ವರ್ಷಗಳಲ್ಲಿ ನಿನ್ನ ವರ್ಗದ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎಂಬ ಪಟ್ಟಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ವೆಬ್‌ಸೈಟಿನಲ್ಲಿ ಸಿಗುತ್ತದೆ. ನೋಡುವಾಗ ಒಂದು ಮಾತು ನೆನಪಿರಲಿ: ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15 ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಇದೆ. ನೀನು ಎರಡನ್ನೂ ಕೇಳಬಹುದು. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳಿಗೆ ಬಿಇಒ ಮೇಲುಸಹಿ ಬೇಕು. ಕೌನ್ಸೆಲಿಂಗ್ ಹೊತ್ತಿಗೆ ಓಡಾಡುವ ಬದಲು ಈಗ ಪುರುಸೊತ್ತಿರುವಾಗಲೇ ಮಾಡಿಸಿಟ್ಟುಕೋ.

ಇನ್ನು ಅಂಕಗಳಿಗೆ ಬರೋಣ. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ನೀನು ಕೊಟ್ಟ ಲೆಕ್ಕದಂತೆ 168ರಲ್ಲಿ 96 ಸರಿ, 72 ತಪ್ಪು. ಅಂದರೆ ಗಳಿಸಿದ 384ರಲ್ಲಿ 72 ಅಂಕ ತಪ್ಪು ಉತ್ತರಗಳಿಗೇ ಹೋಯಿತು. ಭೌತಶಾಸ್ತ್ರದಲ್ಲಿ ಎಷ್ಟು ಪ್ರಶ್ನೆ ಮುಟ್ಟಿದೆ ಎಂದು ನೀನು ಬರೆದಿಲ್ಲ. 39 ಇರಬಹುದು ಎಂದಿಟ್ಟುಕೊಂಡರೆ 15 ಸರಿ, 24 ತಪ್ಪು ಎಂದಾಗುತ್ತದೆ. ಎನ್‌ಟಿಎ ಕೊಟ್ಟ ಒಎಂಆರ್ ಪ್ರತಿ ಮತ್ತು ಕೀ ಉತ್ತರ ಎದುರಿಗಿಟ್ಟುಕೊಂಡು ಪ್ರತಿಯೊಂದು ತಪ್ಪಿನ ಪಕ್ಕದಲ್ಲೂ ಬರೆ: ಪಾಠವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಲೆಕ್ಕ ತಪ್ಪಿತೋ, ಸುಮ್ಮನೆ ಊಹಿಸಿದೆಯೋ, ಇಲ್ಲಾ ಪ್ರಶ್ನೆಯ ಇಂಗ್ಲಿಷೇ ಅರ್ಥವಾಗಲಿಲ್ಲವೋ. ಒಂದು ವಾರ ಹಿಡಿದರೂ ಹಿಡಿಯಲಿ. ನಿನ್ನ ಇಡೀ ವರ್ಷದ ಯೋಜನೆ ಈ ಹಾಳೆಯಿಂದ ಹುಟ್ಟಬೇಕು. ಯಾವ ಕೋಚಿಂಗಿನವರೂ ಇದನ್ನು ನಿನಗಾಗಿ ಮಾಡಿಕೊಡುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಲ್ಲಿ ಆ ನಾಲ್ಕನೆಯ ಬಗೆಯ ತಪ್ಪು ಹೆಚ್ಚಿರುತ್ತದೆ. ಹಾಗಿದ್ದರೆ ಮುಂದಿನ ಅರ್ಜಿಯಲ್ಲಿ ಭಾಷೆ ಕನ್ನಡ ಎಂದು ಆರಿಸುವ ಬಗ್ಗೆ ಯೋಚಿಸು. ಕನ್ನಡ ಆರಿಸಿದವರಿಗೆ ಸಿಗುವ ಪತ್ರಿಕೆಯಲ್ಲಿ ಇಂಗ್ಲಿಷೂ ಜೊತೆಗೇ ಇರುತ್ತದೆ, ಕಳೆದುಕೊಳ್ಳುವುದು ಏನೂ ಇಲ್ಲ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬುದು ಗೊತ್ತಿರಲಿ.

ಜೀವಶಾಸ್ತ್ರದಲ್ಲಿ 360ಕ್ಕೆ 204 ತೆಗೆದವಳಿಗೆ ಓದುವ ಕ್ರಮ ಗೊತ್ತಿದೆ ಎಂದೇ ಅರ್ಥ. ನಿನಗೆ ಬೇಕಾಗಿರುವುದು ಭೌತಶಾಸ್ತ್ರ ಹೇಳಿಕೊಡುವ ಒಬ್ಬ ಮೇಷ್ಟ್ರು ಮತ್ತು ಒಂದು ಟೆಸ್ಟ್ ಸೀರೀಸ್. ಅದಕ್ಕಾಗಿ ಬಂಗಾರ ಅಡ ಇಟ್ಟು ಹಾಸ್ಟೆಲ್ ಸೇರುವುದು ನನಗೆ ಒಪ್ಪಿಗೆಯಿಲ್ಲ. ಆ ಸಾಲದ ಭಾರ ಪರೀಕ್ಷೆಯ ದಿನ ನಿನ್ನ ಕೈ ನಡುಗಿಸುತ್ತದೆ. ನಿನ್ನ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರ ಬಳಿ ಹೋಗಿ ವಾರಕ್ಕೆ ಎರಡು ದಿನ ಸಂದೇಹ ಕೇಳಲು ಬರಲೇ ಎಂದು ಕೇಳು. ಪ್ರಥಮ ಪಿಯುವಿನ ಚಲನೆ, ಬಲ, ಕೆಲಸ ಮತ್ತು ಶಕ್ತಿ ಗಟ್ಟಿಯಾಗದೆ ದ್ವಿತೀಯ ಪಿಯು ಪುಸ್ತಕ ತೆರೆಯಬೇಡ.

ಈಗ ನಿನ್ನ ನಿಜವಾದ ಭಯದ ಮಾತು.

ನಮ್ಮ ಮನೆಗಳಲ್ಲಿ ಕಾಲೇಜಿಗೆ ಹೋಗದ ಹುಡುಗಿ ಎಂದರೆ ಖಾಲಿ ಇರುವವಳು ಎಂದೇ ಲೆಕ್ಕ. ಎಮ್ಮೆಗೆ ನೀರು, ತಮ್ಮನ ಡಬ್ಬಿ, ಬಂದವರಿಗೆ ಚಹಾ, ಮಳೆ ಬಿದ್ದರೆ ಕಳೆ ಕೀಳಲು ಆಳು ಕಡಿಮೆ. ಯಾರೂ ಕೆಟ್ಟವರಲ್ಲ, ಆದರೆ ದಿನ ಹೀಗೇ ಹರಿದು ಹೋಗುತ್ತದೆ. ಎರಡು ತಿಂಗಳಾದ ಮೇಲೆ ಯಾರೋ ಅತ್ತೆ, ‘ಸುಮ್ನ ಮನ್ಯಾಗ ಕುಂತಾಳಲ್ಲ’ ಎನ್ನುತ್ತಾರೆ. ಗಂಡಿನ ಮಾತು ಶುರುವಾಗುವುದೇ ಅಲ್ಲಿಂದ. ಆದ್ದರಿಂದ ಮನೆಯಲ್ಲಿ ಕೂತು ಓದಬೇಡ. ಶಕ್ತಿ ಯೋಜನೆಯಿಂದ ಬಸ್ಸಿಗೆ ನಿನಗೆ ದುಡ್ಡು ಬೇಡ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ತಾಲ್ಲೂಕಿನ ಗ್ರಂಥಾಲಯಕ್ಕೆ ಹೋಗು, ಸಂಜೆ ಬಾ. ಹಳೆಯ ಕಾಲೇಜಿನ ಪ್ರಾಂಶುಪಾಲರು ಒಪ್ಪಿದರೆ ಅಲ್ಲಿನ ಗ್ರಂಥಾಲಯ ಇನ್ನೂ ಒಳ್ಳೆಯದು. ನೀನು ದಿನಾ ಹೊರಟು ದಿನಾ ಬರುವುದನ್ನು ಊರು ನೋಡಲಿ.

ಅಪ್ಪನ ವಿಷಯ. ನೀನು ಗಮನಿಸಿದೆಯೋ ಇಲ್ಲವೋ, ಮಗಳ ಓದಿಗೆ ಹೆಂಡತಿಯ ಬಂಗಾರ ಅಡ ಇಡಲು ತಯಾರಾದ ಮನುಷ್ಯ ಮದುವೆಗೆ ಅವಸರ ಮಾಡುವವನಲ್ಲ. ಅವಸರ ಬೇರೆಯವರದ್ದು. ಅವರಿಗೆ ಉತ್ತರ ಕೊಡಲು ಅಪ್ಪನಿಗೆ ಕೈಯಲ್ಲೊಂದು ಮಾತು ಬೇಕು. ಅವ್ವ ಮತ್ತು ಮನೆಯಲ್ಲಿ ಮಾತು ನಡೆಯುವ ಒಬ್ಬ ಹಿರಿಯರ ಎದುರು ನೇರವಾಗಿ ಕೇಳು: ‘ಬಂಗಾರ ಬೇಡ, ಮುಂದಿನ ಜೂನ್ ತನಕ ಯಾರೂ ಸಂಬಂಧದ ಸುದ್ದಿ ತೆಗೀಬಾರದು. ಆಮೇಲೆ ಸೀಟು ಸಿಗಲಿ ಬಿಡಲಿ, ಯಾವುದಾದರೊಂದು ಕೋರ್ಸಿಗೆ ಸೇರ್ತೀನಿ, ಮೂರನೇ ಸಲ ಬರೀತೀನಿ ಅನ್ನೋದಿಲ್ಲ.’ ನೀನು ಕೊಡುವುದೂ ಕೇಳುವುದೂ ಒಂದೇ ಉಸಿರಿನಲ್ಲಿದ್ದರೆ ಇಲ್ಲ ಎನ್ನುವುದು ಕಷ್ಟ. ಕೈಯಲ್ಲಿ ಏನಾದರೂ ಇರಲಿ ಎಂದು ಅಪ್ಪ ಹಟ ಹಿಡಿದರೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಒಂದು ಪದವಿಗೆ ಹೆಸರು ಹಚ್ಚು. ಹಾಜರಿ ಕಡ್ಡಾಯವಿರುವ ಬಿ.ಎಸ್‌ಸಿ.ಗೆ ಸೇರಿ ನೀಟ್‌ಗೂ ಓದುತ್ತೇನೆ ಎಂದು ಹೊರಟರೆ ಎರಡೂ ಕೆಡುತ್ತವೆ.

ವಾರಕ್ಕೆ ಒಂದು ದಿನ ಪುಸ್ತಕ ಮುಚ್ಚು. ನೀನು ಡಾಕ್ಟರಾಗಬೇಕು ಎನ್ನುತ್ತೀ, ಆಸ್ಪತ್ರೆಯ ಕೆಲಸವನ್ನು ಹತ್ತಿರದಿಂದ ನೋಡಿದ್ದೀಯಾ? ಊರಿನ ಆಶಾ ಕಾರ್ಯಕರ್ತೆಯ ಜೊತೆ ಬಾಣಂತಿಯರ ಮನೆಗಳಿಗೆ ಹೋಗು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಅನುಮತಿ ಕೇಳಿ ಲಸಿಕೆಯ ದಿನ ಅಲ್ಲಿ ಕುಳಿತು ನೋಡು. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್, ಪಶುವೈದ್ಯರು ಏನೇನು ಮಾಡುತ್ತಾರೆ ಎಂದು ತಿಳಿದರೆ, ಎಂಬಿಬಿಎಸ್ ಸಿಗದಿದ್ದಾಗ ಬೇರೆ ಕೋರ್ಸನ್ನು ಸೋಲೆಂದುಕೊಳ್ಳದೆ ಇಷ್ಟಪಟ್ಟು ಆರಿಸಿಕೊಳ್ಳುತ್ತೀ. ಈ ವರ್ಷದಿಂದ ನಿನಗೆ ಸಿಗಬಹುದಾದ ದೊಡ್ಡ ಲಾಭ ಇದೇ ಎಂದು ನನ್ನ ಅನಿಸಿಕೆ.

ಅದಕ್ಕೇ ಸಿಇಟಿಯನ್ನೂ ತಪ್ಪದೆ ಬರೆ. ಅದರಲ್ಲಿ ತಪ್ಪಿಗೆ ಅಂಕ ಕಡಿತವಿಲ್ಲ. ಬಿ.ಎಸ್‌ಸಿ ನರ್ಸಿಂಗ್, ಪಶುವೈದ್ಯಕೀಯ, ಕೃಷಿ ಎಲ್ಲ ಅದರ ಮೂಲಕವೇ. ಹೊಲ ಅಪ್ಪನ ಹೆಸರಿನಲ್ಲಿದ್ದರೆ ಕೃಷಿಕರ ಕೋಟಾ ಕೇಳಬಹುದು. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಬೀಜ ಬೆಳೆ ಗುರುತಿಸುವುದನ್ನು ಹೊಲದಲ್ಲಿ ಬೆಳೆದ ನಿನಗೆ ಯಾರೂ ಕಲಿಸಬೇಕಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಪೂರ್ತಿ 180 ಪ್ರಶ್ನೆಗಳ ಪರೀಕ್ಷೆಗಳನ್ನು ಬರೆಯಲು ಶುರು ಮಾಡು, ಅದೂ ಮಧ್ಯಾಹ್ನ 2ರಿಂದ 5ರವರೆಗೆ. ನೀಟ್ ನಡೆಯುವುದು ಆ ಹೊತ್ತಿನಲ್ಲೇ, ರೊಟ್ಟಿ ಉಂಡು ಕಣ್ಣು ಎಳೆಯುವ ಹೊತ್ತು. ಜನವರಿ ಕೊನೆಗೆ ಭೌತಶಾಸ್ತ್ರ 90 ದಾಟಿದ್ದರೆ ನೀಟ್‌ಗೇ ಪೂರ್ತಿ ಬಲ ಹಾಕು. ಇನ್ನೂ 50ರ ಆಸುಪಾಸಿನಲ್ಲೇ ಇದ್ದರೆ ನೀಟ್ ಬಿಡಬೇಡ, ಆದರೆ ದಿನದ ಹೆಚ್ಚು ಹೊತ್ತು ಸಿಇಟಿಗೆ ಕೊಡು. ಎರಡರಲ್ಲಿ ಯಾವುದೇ ಆದರೂ ಜನವರಿ ಕೊನೆಯ ಪರೀಕ್ಷೆಯ ಸರಿ ತಪ್ಪುಗಳ ಲೆಕ್ಕ ನನಗೆ ಬರೆದು ಕಳಿಸು, ಉಳಿದ ಮೂರು ತಿಂಗಳನ್ನು ಹೇಗೆ ಹಂಚಿಕೊಳ್ಳುವುದು ಎಂದು ಆಗ ಕೂಡಿ ನೋಡೋಣ.