ಅಂಕ ಬಂತು, ಮುಂದೇನು?

2025ರ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ 600ಕ್ಕೆ 597 ಅಂಕ ತೆಗೆದು ರಾಜ್ಯಕ್ಕೇ ಮೊದಲು ಬಂದವಳು ಕೊಟ್ಟೂರಿನ ಇಂದು ಕಾಲೇಜಿನ ಹುಡುಗಿ. ಅದಕ್ಕೂ ಮುಂಚೆ ಹಲವು ಸಲ ಆ ಪಟ್ಟ ಅದೇ ಕಾಲೇಜಿಗೆ ಸಿಕ್ಕಿದೆ. ಅಂಕ ತೆಗೆಯುವುದನ್ನು ಈ ಸೀಮೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಪ್ರಶ್ನೆಪತ್ರಿಕೆಯೇ ಇಲ್ಲದ ಕಡೆಯೂ ತಲೆ ಓಡಬೇಕಲ್ಲ, ಅದಕ್ಕೆ ಈ ಸೂತ್ರಗಳು.

1. ಬಾಯಿಪಾಠವನ್ನು ಹೀಗಳೆಯಬೇಡಿ, ಅಲ್ಲಿಗೇ ನಿಲ್ಲಲೂಬೇಡಿ. ಪುಸ್ತಕ ಮುಚ್ಚಿ, ಓದಿದ್ದನ್ನು ತಂಗಿಗೋ ತಮ್ಮನಿಗೋ ನಿಮ್ಮ ಮಾತಿನಲ್ಲಿ ಹೇಳಿ. ಎಲ್ಲಿ ತಡವರಿಸಿದಿರೋ ಅಲ್ಲಿಂದ ಮತ್ತೆ ಓದಿ.

2. ಹೇಳಿದ್ದು ಬೇರೆ, ಅರ್ಥ ಕಟ್ಟಿದ್ದು ಬೇರೆ. ಹಡಗಲಿ ತಾಲೂಕಿನ ಮೈಲಾರ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ನೆರೆದ ಲಕ್ಷಾಂತರ ಜನ ಗಪ್‌ಚುಪ್. ಅವನು ನುಡಿಯುವ ಕಾರಣಿಕ, ಅಂದರೆ ಭವಿಷ್ಯವಾಣಿ, ಒಂದೇ ಸಾಲು. ಸಂಜೆಯೊಳಗೆ ಅದು ಮಳೆಯೂ ಆಗುತ್ತದೆ, ಜೋಳದ ಬೆಲೆಯೂ ಆಗುತ್ತದೆ, ಮುಖ್ಯಮಂತ್ರಿ ಕುರ್ಚಿಯೂ ಆಗುತ್ತದೆ. ನಿಮ್ಮ ಭಕ್ತಿ ನಿಮಗಿರಲಿ. ನೋಟ್‌ಬುಕ್ಕಿನ ಎಡಕ್ಕೆ ಗೊರವಯ್ಯನ ಮಾತು, ಬಲಕ್ಕೆ ಜನ ಹೇಳಿದ ಅರ್ಥಗಳನ್ನು ತಾರೀಖಿನ ಸಮೇತ ಬರೆದಿಟ್ಟು ಮುಂದಿನ ಜಾತ್ರೆಗೆ ತೆಗೆದು ನೋಡಿ. ಏನೇ ನಡೆದರೂ ನಿಜವೆನಿಸುವ ಅರ್ಥದಿಂದ ಏನೂ ತಿಳಿದಂತಾಗುವುದಿಲ್ಲ. ವಾಟ್ಸ್‌ಆ್ಯಪ್ ಸುದ್ದಿಗೂ ಚುನಾವಣಾ ಭಾಷಣಕ್ಕೂ ಇದೇ ಎರಡು ಕಾಲಂ ಸಾಕು.

3. ‘ಯಾವಾಗ ಬರೆದದ್ದು?’ ಎಂದು ಕೇಳಿ. ಹರಪನಹಳ್ಳಿ ಯಾವ ಜಿಲ್ಲೆಗೆ ಸೇರಿದೆ? ಹಳೆಯ ಪುಸ್ತಕ ಬಳ್ಳಾರಿ ಎನ್ನುತ್ತದೆ. 1997ರಿಂದ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಒಂದೊಂದು ಕಾಲಕ್ಕೆ ಮೂರೂ ಸರಿ. ಮೊಬೈಲಿನ ಎಐ ಯಾವ ಕಾಲದ ಉತ್ತರ ಕೊಟ್ಟಿತೆಂದು ನೀವೇ ತಾಳೆ ನೋಡಬೇಕು. ಇದನ್ನು ಬರೀ ಜಿಕೆ ಪ್ರಶ್ನೆ ಎನ್ನಬೇಡಿ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸೌಲಭ್ಯ ಬಳ್ಳಾರಿ ಜಿಲ್ಲೆಗಿತ್ತು, ದಾವಣಗೆರೆಗಿರಲಿಲ್ಲ. ಬಳ್ಳಾರಿಗೆ ಮರಳಲು ಹರಪನಹಳ್ಳಿಯವರು ಹೋರಾಟಕ್ಕಿಳಿದದ್ದು ಅದಕ್ಕೇ.

4. ಒಂದೇ ಕಾರಣಕ್ಕೆ ತೃಪ್ತರಾಗಬೇಡಿ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ನೀರಾವರಿಗೆಂದು ಕಟ್ಟಿದ ಕೆರೆ. 2024ರಲ್ಲಿ ಅದು ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿತು. ಈ ಕೆರೆಗೆ ಹಕ್ಕಿಗಳು ಹಿಂಡುಹಿಂಡಾಗಿ ಬರುತ್ತವೆ; ಅಲ್ಲಿಗೇ ಯಾಕೆ? ನೀರಿಗೋ, ಮೀನಿಗೋ, ಗೂಡು ಕಟ್ಟಲು ಸಿಗುವ ಜಾಲಿಮರಗಳಿಗೋ? ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಹೋಗಿ ಎಣಿಸಿ. ನೀರಿಳಿದಾಗ ಯಾವ ಹಕ್ಕಿ ಉಳಿಯಿತು, ಯಾವುದು ಹೋಯಿತು ಎಂದು ಗುರುತು ಹಾಕಿಕೊಳ್ಳಿ. ಯಾವ ಕಾರಣ ಗಟ್ಟಿ ಎಂಬುದು ಆಗ ತಿಳಿಯತೊಡಗುತ್ತದೆ.

5. ಒಂದು ದಿನದ ಅಂಕಿಯಿಂದ ವರ್ಷದ ಲೆಕ್ಕ ಹಾಕಬೇಡಿ. ಹಬ್ಬದ ದಿನದ ಬೆಲೆ ನಂಬಿಕೊಂಡು ಹಡಗಲಿಯ ಯಾವ ಮಲ್ಲಿಗೆ ಬೆಳೆಗಾರನೂ ಸಾಲ ಮಾಡುವುದಿಲ್ಲ.

6. ಎದುರು ಪಕ್ಷದ ವಾದವನ್ನೂ ನೀವೇ ಬರೆಯಿರಿ. ಕೂಡ್ಲಿಗಿ ತಾಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಕರಡಿ ಹೊಲಕ್ಕೆ ನುಗ್ಗಿದರೆ ಏನು ಗತಿ ಎಂದು ರೈತನಾಗಿ ಒಂದು ಪುಟ, ಕರಡಿ ಎಲ್ಲಿಗೆ ಹೋಗಬೇಕು ಎಂದು ಅರಣ್ಯ ಇಲಾಖೆಯವರಾಗಿ ಇನ್ನೊಂದು ಪುಟ. ಎರಡನ್ನೂ ಓದಿದವರಿಗೆ ನೀವು ಯಾರ ಕಡೆ ಎಂದು ಗೊತ್ತಾದರೆ ಒಂದು ಪುಟಕ್ಕೆ ಮೋಸವಾಗಿದೆ; ಅದನ್ನು ಮತ್ತೆ ಬರೆಯಿರಿ.

7. ಒಲ್ಲೆನೆಂದ ಪುಸ್ತಕವನ್ನೂ ಒಮ್ಮೆ ತೆರೆಯಿರಿ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಹಾಸ್ಯಲೇಖಕ ಬೀchi ಅವರಿಗೆ ಮೊದಮೊದಲು ಕನ್ನಡ ಪುಸ್ತಕವೆಂದರೆ ತಾತ್ಸಾರ. ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿದ ಮೇಲೆ ಮನಸ್ಸು ತಿರುಗಿತು. ಆಮೇಲೆ ಅವರು ಕನ್ನಡದ ಲೇಖಕರೇ ಆದರು.