ಮನಸ್ಸು ಬರಲಿ ಎಂದು ಕಾಯಬೇಡಿ

ಖಿನ್ನತೆಯ ಬಗ್ಗೆ ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿದ್ದೇನೆ. ಬರೆದವರ ಗುರುತು ಸಿಗದಂತೆ ವಿವರ ಬದಲಿಸಿದೆ, ಮಾತಿನ ಧಾಟಿ ಅವರದೇ.

ಪ್ರಶ್ನೆ: ನಾನು ವಡಗಾವಿಯವ, ವಯಸ್ಸು 46. ಹುಡುಗ ಇದ್ದಾಗಿಂದ ಪವರ್‌ಲೂಮ್ ಕೆಲಸ. ಸಾಲಕ್ಕ ಎರಡು ಮಗ್ಗ ಮಾರಿದ ಮ್ಯಾಲೆ ಯಾವುದರಾಗೂ ಮನಸ್ಸಿಲ್ಲ. ನಸುಕಿನ್ಯಾಗ ನಾಕಕ್ಕ ಎಚ್ಚರ ಆಗತೈತಿ, ಆದರ ಹತ್ತರ ತನಕ ಹಾಸಿಗಿ ಬಿಟ್ಟು ಏಳಾಕ ಆಗೂದಿಲ್ಲ. ಹೆಂಡತಿ ‘ವಾಕಿಂಗ್ ಹೋಗ್ರಿ, ಎಲ್ಲಾ ಸರಿ ಆಗತೈತಿ’ ಅಂತಾಳ. ಮನಸ್ಸೇ ಇಲ್ಲಂದ್ರ ಕಾಲು ಹೆಂಗ ಏಳತಾವ್ರಿ?

ಉತ್ತರ: ನಸುಕಿನಲ್ಲೇ ಎಚ್ಚರವಾಗುವುದು, ಮುಂಜಾನೆಯ ಹೊತ್ತಿಗೆ ಮೈಮನಸ್ಸು ಕಲ್ಲಿನಂತೆ ಭಾರವಾಗುವುದು ಖಿನ್ನತೆಯ ಲಕ್ಷಣಗಳು. ಇದಕ್ಕೆ ಸೋಮಾರಿತನ ಎಂದು ಯಾರೂ ಹೆಸರಿಡದಿರಲಿ, ನೀವಂತೂ ಇಡಬೇಡಿ. ಈ ಕಾಯಿಲೆ ಮೊದಲು ಕಿತ್ತುಕೊಳ್ಳುವುದೇ ಮನಸ್ಸನ್ನು, ಅಂದರೆ ಏನಾದರೂ ಮಾಡಬೇಕೆಂಬ ಆಸೆಯನ್ನು. ಆಸೆ ಹೋದ ಮೇಲೆ ಕೆಲಸ ಬಿಡುತ್ತೇವೆ, ಮಂದಿಯ ಜೊತೆ ಕೂಡುವುದನ್ನು ಬಿಡುತ್ತೇವೆ. ಹಾಗೆ ಬಿಟ್ಟಷ್ಟೂ ದಿನದಲ್ಲಿ ಒಂದಿಷ್ಟು ಹಿತ ಕೊಡುವ ಗಳಿಗೆಗಳೇ ಇಲ್ಲವಾಗಿ ಮನಸ್ಸು ಇನ್ನೂ ಕುಸಿಯುತ್ತದೆ. ಆದ್ದರಿಂದ ಚಿಕಿತ್ಸೆಯನ್ನು ತಿರುವಿ ಹಾಕಬೇಕಾಗುತ್ತದೆ. ಮೊದಲು ಕೆಲಸ, ಮನಸ್ಸು ಆಮೇಲೆ. ಅಮೆರಿಕದ ಮನೋವಿಜ್ಞಾನಿ ಪೀಟರ್ ಲೆವಿನ್ಸನ್ 1970ರ ದಶಕದಲ್ಲಿ ಈ ದಾರಿ ತೋರಿಸಿದರು.

ಅಮೆರಿಕದ ಮಾತು ವಡಗಾವಿಗೆ ಹೊಂದುತ್ತದೆಯೇ ಎಂದು ಕೇಳಬೇಡಿ. ನಮ್ಮ ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಸಂಗಾತ್’ ಸಂಸ್ಥೆಯವರು ಇದನ್ನೇ ಮಾಡಿ ನೋಡಿದರು. ಡಾಕ್ಟರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ತೀವ್ರ ಖಿನ್ನತೆಯವರ ಜೊತೆ ಆರರಿಂದ ಎಂಟು ಸಲ ಕೂತು, ದಿನದ ಸಣ್ಣಸಣ್ಣ ಕೆಲಸಗಳಿಗೆ ಮರಳಲು ನೆರವಾದರು. ಮೂರು ತಿಂಗಳ ಹೊತ್ತಿಗೆ ಅವರಲ್ಲಿ ನೂರಕ್ಕೆ 64 ಜನ ಚೇತರಿಸಿಕೊಂಡಿದ್ದರು. ಈ ನೆರವು ಸಿಗದೆ ಮಾಮೂಲಿ ಆರೈಕೆಯಲ್ಲಿದ್ದವರಲ್ಲಿ ಚೇತರಿಸಿಕೊಂಡವರು 39. ಈ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಗಿದೆ.

ಈಗ ನಿಮ್ಮ ಮುಂಜಾನೆಗೆ ಬರೋಣ. ವಾಕಿಂಗ್ ಸದ್ಯಕ್ಕೆ ಬಿಡಿ, ಅದು ನಿಮಗೆ ಈಗ ದೊಡ್ಡ ಕೆಲಸ. ನಾಳೆ ಏಳಕ್ಕೆ ಎದ್ದು ಹಾಸಿಗೆಯ ಮೇಲೆ ಕೂಡಿರಿ. ಕಾಲು ನೆಲಕ್ಕಿಡಿ. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳಿ. ಚಹಾ ಕುಡಿಯುವುದು ಹೊಸ್ತಿಲ ಹೊರಗೆ, ಕಟ್ಟೆಯ ಮೇಲೆ. ಮೊದಲ ವಾರ ಇಷ್ಟೇ, ಆದರೆ ದಿನಾ ಅದೇ ಹೊತ್ತಿಗೆ. ಎರಡನೇ ವಾರ ಓಣಿಯ ತುದಿಯವರೆಗೆ ಹೋಗಿ ಬನ್ನಿ. ಮೂರನೇ ವಾರ ಮಗ್ಗ ನಡೆಸುವ ಗೆಳೆಯನ ಮನೆಗೆ ಹೋಗಿ ಹತ್ತು ಕಂಡಿಕೆ ಸುತ್ತಿಕೊಡಿ. ಅದು ನಿಮ್ಮ ಬೆರಳುಗಳಿಗೆ ಗೊತ್ತಿರುವ ಕೆಲಸ, ಮನಸ್ಸಿನ ಅಪ್ಪಣೆ ಬೇಕಿಲ್ಲ. ಮಗ್ಗದ ಸದ್ದು ಕೇಳಿ ಸಂಕಟವಾದರೆ ಮೊದಲ ದಿನ ಐದೇ ಸುತ್ತಿ ಎದ್ದು ಬನ್ನಿ.

ಒಂದು ನೋಟ್‌ಬುಕ್ ಇಡಿ. ಕೆಲಸಕ್ಕೆ ಮೊದಲು, ಇದರಿಂದ ಎಷ್ಟು ಹಗುರ ಅನ್ನಿಸಬಹುದು ಎಂದು ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರೋ ಬರೆಯಿರಿ. ಮುಗಿದ ಮೇಲೆ ನಿಜಕ್ಕೂ ಎಷ್ಟು ಅನ್ನಿಸಿತೋ ಅದನ್ನೂ ಬರೆಯಿರಿ. ನನ್ನ ಹತ್ತಿರ ಬರುವವರ ಪುಸ್ತಕಗಳಲ್ಲಿ ಎಷ್ಟೋ ಸಲ ಮೊದಲು ‘ಸೊನ್ನೆ’ ಇದ್ದಲ್ಲಿ ಆಮೇಲೆ ‘ಎರಡು’, ‘ಮೂರು’ ಇರುತ್ತದೆ. ಮೂರು ಅಂಕ ಸಣ್ಣದೇ ಸರಿ. ಆದರೆ ‘ಏನು ಮಾಡಿದರೂ ಅಷ್ಟೇ’ ಎಂದು ಖಿನ್ನತೆ ಹೇಳುವ ಮಾತು ಸುಳ್ಳು ಎಂಬುದಕ್ಕೆ ಅದು ನಿಮ್ಮದೇ ಕೈಬರಹದ ಸಾಕ್ಷಿ.

ಮಗ್ಗ ಹೋದ ನೋವು, ಸಾಲ ಎರಡೂ ನಿಜ. ಯಾವ ಅಭ್ಯಾಸವೂ ಸಾಲ ತೀರಿಸುವುದಿಲ್ಲ. ಅದರ ಲೆಕ್ಕವನ್ನು ನಂಬಿಗಸ್ತರೊಬ್ಬರ ಜೊತೆ ವಾರಕ್ಕೊಮ್ಮೆ, ಹಗಲು ಹೊತ್ತಿನಲ್ಲಿ ಕೂತು ಮಾಡಿ. ನಸುಕಿನ ನಾಲ್ಕಕ್ಕೆ ಹಾಸಿಗೆಯಲ್ಲಿ ಆ ಲೆಕ್ಕ ತೆಗೆಯಬೇಡಿ, ಆ ಹೊತ್ತಿನಲ್ಲಿ ಸಾಲ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮನೆಯವರಿಗೆ ಒಂದು ಮಾತು: ‘ಹೋಗ್ರಿ’ ಅನ್ನುವ ಬದಲು ‘ಬರ್ರಿ, ಹೋಗೂಣು’ ಅನ್ನಿ. ಜೊತೆಗೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೂ ಒಮ್ಮೆ ಹೋಗಿ ತೋರಿಸಿ. ಥೈರಾಯ್ಡ್, ಬಿ12 ಕೊರತೆಯಿಂದಲೂ ಹೀಗಾಗುವುದುಂಟು, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.

ಪ್ರಶ್ನೆ: ಜಾಂಬೋಟಿ ಕಡೆ ಹಳ್ಳಿ ನಮ್ಮದು. ವಯಸ್ಸು 24. ಬಾಣಂತನಕ್ಕ ತವರಿಗೆ ಬಂದೀನಿ, ಕೂಸಿಗೆ ಎರಡು ತಿಂಗಳು. ಸುಮ್ಮಸುಮ್ಮನ ಅಳು ಬರತೈತಿ. ಕೂಸಿನ್ನ ಎತ್ತಿಕೊಂಡ್ರೂ ಖುಷಿ ಆಗೂದಿಲ್ಲ, ನಾ ಕೆಟ್ಟ ತಾಯಿ ಅನಸತೈತಿ. ಹೊರಗ ಜಡಿಮಳಿ, ಒಳಗ ಕತ್ತಲಿ. ಅವ್ವ ‘ಬಾಣಂತಿಗೆ ಹಿಂಗ ಆಗತೈತಿ, ಬಿಡು’ ಅಂತಾಳ.

ಉತ್ತರ: ತಂಗಿ, ನೀನು ಕೆಟ್ಟ ತಾಯಿಯಲ್ಲ. ಹೆರಿಗೆಯಾದ ಹೊಸದರಲ್ಲಿ ಬಹಳಷ್ಟು ಹೆಣ್ಣುಮಕ್ಕಳಿಗೆ ಅಳು ಬರುವುದು ಸಹಜ, ಅವ್ವ ಹೇಳುವುದು ಅದನ್ನು. ಅದು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ನಿನ್ನದು ಎರಡು ತಿಂಗಳಾದರೂ ಇಳಿದಿಲ್ಲ, ಕೂಸಿನ ಮೇಲೂ ಮನಸ್ಸು ಹೋಗುತ್ತಿಲ್ಲ. ಇದು ಬಾಣಂತಿ ಖಿನ್ನತೆ ಇರಬಹುದು. ಇದಕ್ಕೆ ಚಿಕಿತ್ಸೆ ಇದೆ, ವಾಸಿಯೂ ಆಗುತ್ತದೆ.

ಮೊದಲು ಕೋಣೆ ನೋಡೋಣ. ಬಾಣಂತಿಗೆ ಬೆಚ್ಚಗಿರಬೇಕು, ನಿಜ. ಆದರೆ ಕತ್ತಲೆ ಬೇಕಾಗಿಲ್ಲ. ಮಳೆ ನಿಂತ ಗಳಿಗೆಯಲ್ಲಿ ಪಡಸಾಲೆಗೆ ಬಂದು, ಅವ್ವನ ಸಮಾಧಾನಕ್ಕೆ ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡೇ, ಮುಂಜಾನೆ ಅರ್ಧ ಗಂಟೆ ಬೆಳಕಿಗೆ ಕೂಡು. ಮೋಡದ ಬೆಳಕೂ ಒಳಗಿನ ದೀಪಕ್ಕಿಂತ ಎಷ್ಟೋ ಹೆಚ್ಚು. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದರೆ ಇವತ್ತೇ ಹೊರಗಿಡಿಸು. ಅದರ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ತಾಯಿ-ಕೂಸಿನ ಜೀವಕ್ಕೆ ಅಪಾಯ.

ಎರಡನೆಯದು ನಿದ್ದೆ. ಗಂಟೆಗೊಮ್ಮೆ ಎದ್ದು ಹಾಲುಣಿಸುವವರಿಗೆ ಹಗಲು ಮಲಗು ಅಂದರೆ ಸಾಲದು. ರಾತ್ರಿ ಒಮ್ಮೆ ಹಾಲು ಕುಡಿಸಿ ಕೂಸನ್ನು ಅವ್ವನ ಕೈಗೆ ಕೊಟ್ಟು, ಬೇರೆ ಕೋಣೆಯಲ್ಲಿ ನಾಲ್ಕು ಗಂಟೆ ಒಂದೇ ಸಮನೆ ಮಲಗು. ನಡುವೆ ಕೂಸು ಎದ್ದರೆ ಮೊದಲೇ ಹಿಂಡಿಟ್ಟ ಎದೆಹಾಲನ್ನು ಬಟ್ಟಲಿನಿಂದ ಕುಡಿಸಬಹುದು. ಬಾಣಂತಿಗೆ ಅಂಟಿನ ಉಂಡಿ ಕಟ್ಟಿಕೊಡುವ ಮನೆಯವರು ಈ ನಾಲ್ಕು ಗಂಟೆಯ ನಿದ್ದೆಯನ್ನೂ ಪಥ್ಯವೆಂದೇ ಎಣಿಸಬೇಕು.

ಹತ್ತನೇ ವಾರದ ಲಸಿಕೆಗೆ ಕೂಸನ್ನು ಕರೆದೊಯ್ಯುವ ದಿನ ಬಂತು. ಅಂದೇ ಡಾಕ್ಟರ ಮುಂದೆ ನಿನ್ನ ವಿಷಯವನ್ನೂ ಹೇಳು. ಹೇಳಲು ಬಾಯಿ ಬರದಿದ್ದರೆ ಈ ಪುಟವನ್ನೇ ತೋರಿಸು, ಇಲ್ಲವೇ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೋ. ರಕ್ತ ಕಡಿಮೆಯಿದೆಯೇ ನೋಡುತ್ತಾರೆ. ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ, ಯಾವುದೆಂದು ವೈದ್ಯರೇ ಆರಿಸಬೇಕು. ನನಗೋ ಕೂಸಿಗೋ ಏನಾದರೂ ಮಾಡಿಬಿಟ್ಟೇನು ಎಂಬ ಯೋಚನೆ ಬಂದರೆ, ಇಲ್ಲದ ದನಿ ಕಿವಿಗೆ ಬಿದ್ದರೆ, ಲಸಿಕೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಖಾನಾಪುರದವ, ವಯಸ್ಸು 58. ದಿನಾ ಸಂಜಿಗೆ ವಿಠ್ಠಲನ ಗುಡಿಯಾಗ ಭಜನಿಗೆ ಹೋಗತಿದ್ದೆ, ಈಗ ಬಿಟ್ಟೀನಿ. ಭಕ್ತಿ ಕಡಿಮಿ ಆಗಿದ್ದಕ್ಕ ಈ ರೋಗ ಬಂತೇನು?

ಉತ್ತರ: ಇಲ್ಲ. ರೋಗ ಬಂದಿದ್ದಕ್ಕೆ ಭಜನೆ ನಿಂತಿದೆ. ಮತ್ತೆ ಹೋಗಿ. ಹಾಡಲೇಬೇಕೆಂದಿಲ್ಲ, ಹಿಂದೆ ಕೂತು ತಾಳ ಹಾಕಿ, ಹದಿನೈದು ನಿಮಿಷಕ್ಕೆ ಎದ್ದು ಬಂದರೂ ಪಾಂಡುರಂಗ ಸಿಟ್ಟಾಗುವುದಿಲ್ಲ. ನಿಗದಿತ ಹೊತ್ತು, ನಡೆದು ಹೋಗುವ ದಾರಿ, ಪರಿಚಯದ ನಾಲ್ಕು ಮುಖ, ಎದೆ ತುಂಬಿ ಬಿಡುವ ಉಸಿರು, ಇಷ್ಟನ್ನೂ ಒಟ್ಟಿಗೆ ಕೊಡುವ ಇನ್ನೊಂದು ಅಭ್ಯಾಸ ನನಗೆ ಗೊತ್ತಿಲ್ಲ. ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನೂ ನುಂಗಿ ಹೋಗಿ.

ಪ್ರಶ್ನೆ: ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಎರಡು ತಿಂಗಳಿಂದ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಈಗ ಚೆನ್ನಾಗಿದ್ದೇನೆ. ಚಟವಾಗುತ್ತದೆ, ಬಿಡು ಎನ್ನುತ್ತಾರೆ ಗೆಳೆಯರು. ಇನ್ನು ಜಿಮ್, ಧ್ಯಾನ ಸಾಕಲ್ಲವೇ?

ಉತ್ತರ: ಸಾಲದು. ಈ ಮಾತ್ರೆಗಳು ಕೆಲಸ ಶುರುಮಾಡುವುದಕ್ಕೇ ಎರಡು-ಮೂರು ವಾರ ಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸದಿದ್ದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಖಿನ್ನತೆಯ ಮಾತ್ರೆ ಚಟ ಹತ್ತಿಸುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಶುರುವಾಗುವುದರಿಂದ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಚಟದ ಭಯವಿರುವುದು ಬೇರೆ ಗುಂಪಿನ ಕೆಲವು ನಿದ್ದೆ ಮಾತ್ರೆಗಳಿಗೆ, ಚೀಟಿಯಿಲ್ಲದೆ ಅವನ್ನು ಅಂಗಡಿಯಲ್ಲಿ ಕೇಳಲೇಬೇಡಿ. ಜಿಮ್ ಬಿಡಬೇಡಿ. ಜೊತೆಗೆ, ರಾತ್ರಿ ಎಷ್ಟಕ್ಕೇ ಮಲಗಿದ್ದರೂ ಬೆಳಗ್ಗೆ ಏಳುವ ಹೊತ್ತು ಒಂದೇ ಇರಲಿ. ಎದ್ದವರೇ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲೋ ಕೋಟೆ ಕೆರೆಯ ಸುತ್ತಲೋ ಒಂದು ಸುತ್ತು ಹಾಕಿ.

ಪ್ರಶ್ನೆ: ನಂದಗಡ ಹತ್ತಿರ ನಮ್ಮ ಹೊಲ. ತಮ್ಮ ಮೂರು ವಾರದಿಂದ ಯಾರ ಜೊತೀಗೂ ಮಾತಿಲ್ಲ. ಮೊನ್ನೆ ‘ನಾ ಇದ್ರೆಷ್ಟು, ಬಿಟ್ರೆಷ್ಟು’ ಅಂದ. ಕೇಳಾಕ ಹೆದರಿಕಿ. ಕೇಳಿದ್ರ ಆ ವಿಚಾರ ನಾವೇ ತಲ್ಯಾಗ ಹಾಕಿದಂಗ ಆಗೂದಿಲ್ಲೇನು?

ಉತ್ತರ: ಆಗುವುದಿಲ್ಲ. ‘ಸಾಯಬೇಕು ಅನಸಾಕ ಹತ್ತೈತೇನೋ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಒಬ್ಬನೇ ಹೊತ್ತಿದ್ದ ಭಾರ ಒಂದಿಷ್ಟು ಇಳಿಯುತ್ತದೆ. ಹೌದು ಎಂದರೆ ಬೈಯಬೇಡಿ, ಬುದ್ಧಿ ಹೇಳಬೇಡಿ, ಮಕ್ಕಳ ಮುಖ ನೋಡು ಎಂದು ಆಣೆ ಹಾಕಿಸಬೇಡಿ. ಕೇಳುತ್ತಾ ಕೂಡಿ. ಒಬ್ಬನನ್ನೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಇವತ್ತೇ ಮನೆಯಿಂದ ಸಾಗಿಸಿ ಬೇರೆಯವರಲ್ಲಿ ಬೀಗ ಹಾಕಿಡಿಸಿ. ಮೇಲೆ ನಾನು ಹೇಳಿದ ಅಭ್ಯಾಸಗಳ ಸರದಿ ಆಮೇಲೆ, ಈಗ ಬೇಕಾದದ್ದು ವೈದ್ಯರು.

14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಇದು. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ತಮ್ಮ ಮಾತಾಡಲು ಒಪ್ಪದಿದ್ದರೆ ನೀವೇ ಮಾತಾಡಿ, ಮನೆಯವರಿಗೂ ದಾರಿ ಹೇಳುತ್ತಾರೆ. ಹೆಸರು ಹೊರಗೆ ಬಂದೀತು, ಪೊಲೀಸ್ ಕೇಸಾದೀತು ಎಂಬ ಅಂಜಿಕೆ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿರುವವರೆಂದು ಕಂಡು, ಆರೈಕೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ನಾಳೆ ಮುಂಜಾನೆಯೇ ನೀವೇ ಕರೆದುಕೊಂಡು ಹೋಗಿ. ಇವತ್ತೇ ಪರಿಸ್ಥಿತಿ ಬಿಗಡಾಯಿಸಿದರೆ 108ಕ್ಕೆ ಕರೆ ಮಾಡಿ. ವೈದ್ಯರು ಮತ್ತೆ ಬರಹೇಳಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಂದೂ ಅವನ ಜೊತೆ ಹೊರಡಿ.