ಬೆನ್ನು ತಿಕ್ಕಬೇಡಿ, ಮಗ್ಗುಲು ಬದಲಿಸಿ



ದುಬಲಗುಂಡಿ, ಹುಮನಾಬಾದ್, ಬಸವಕಲ್ಯಾಣ ಕಡೆಯ ಹಳ್ಳಿಗಳಿಂದ ಲಕ್ವ ಹೊಡೆದ, ಸೊಂಟದ ಎಲುಬು ಮುರಿದ ಹಿರಿಯರನ್ನು ಕರೆತಂದವರು ಕೇಳುವುದುಂಟು: "ಸಿಸ್ಟರ್, ಬೆನ್ನಿಗೆ ಸ್ಪಿರಿಟ್ ಹಚ್ಚಿ ತಿಕ್ಕುವುದಿಲ್ಲವೇ?" ಹಿಂದೆ ಆಸ್ಪತ್ರೆಗಳಲ್ಲಿ ಹಾಗೆ ತಿಕ್ಕುತ್ತಿದ್ದದ್ದು ನಿಜ. ಅದನ್ನು ಬಿಡಲು ಕಾರಣವಿದೆ.

ಹಾಸಿಗೆ ಹುಣ್ಣು ಆಗುವುದು ಒತ್ತಡದಿಂದ. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಒಳಗಿನ ಮಾಂಸ ಸಾಯುತ್ತದೆ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ, ಜೋರಾಗಿ ತಿಕ್ಕಿದರೆ ಒಳಗೆ ಇನ್ನಷ್ಟು ಪೆಟ್ಟಾಗುತ್ತದೆ. ಇಂಗ್ಲೆಂಡಿನ ಡೋರೀನ್ ನಾರ್ಟನ್ ಎಂಬ ನರ್ಸ್ ಸಂಗಡಿಗರೊಡನೆ ವೃದ್ಧ ರೋಗಿಗಳನ್ನು ಗಮನಿಸಿ, ಬರೆದಿಟ್ಟು, 1962ರಲ್ಲಿ ವರದಿ ಪ್ರಕಟಿಸಿದರು. ಹುಣ್ಣು ತಡೆಯುವುದರಲ್ಲಿ ಲೇಪನಗಳಿಗಿಂತ ಮೇಲಿಂದ ಮೇಲೆ ಮಗ್ಗುಲು ಬದಲಿಸುವುದೇ ಮೇಲೆಂದು ಕಂಡಿತು. ದೇಹಸ್ಥಿತಿ, ಮನಸ್ಸಿನ ಎಚ್ಚರ, ನಡೆದಾಟ, ಕೈಕಾಲಿನ ಚಲನೆ, ಮಲಮೂತ್ರದ ಹಿಡಿತ ಈ ಐದಕ್ಕೆ ಅಂಕ ಕೊಡುವ ಪಟ್ಟಿಯನ್ನೂ ಅವರೇ ಮಾಡಿದರು. 20ಕ್ಕೆ 14 ಅಥವಾ ಕಡಿಮೆ ಬಂದವರಿಗೆ ಹುಣ್ಣಿನ ಅಪಾಯ ಹೆಚ್ಚು.

ಎರಡು ಗಂಟೆಗೊಮ್ಮೆ ಹೊರಳಿಸುವ ಪದ್ಧತಿ ಎಲ್ಲೆಡೆ ಇದೆ. 2013ರಲ್ಲಿ ಪ್ರಕಟವಾದ ಅಮೆರಿಕ, ಕೆನಡಾದ ವೃದ್ಧರ ಆರೈಕೆ ಗೃಹಗಳ ಅಧ್ಯಯನದಲ್ಲಿ, ಒಳ್ಳೆಯ ಫೋಮ್ ಗಾದಿಯ ಮೇಲೆ 2, 3, 4 ಗಂಟೆಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ನಿಮ್ಮ ಮನೆಯ ಹತ್ತಿ ಗಾದಿ ಅಂಥದಲ್ಲ. ಮನೆಯಲ್ಲಿ ಎರಡು ಗಂಟೆಯನ್ನೇ ಹಿಡಿಯಿರಿ. ಚರ್ಮದಲ್ಲಿ ಬದಲಾವಣೆ ಕಂಡರೆ ಇನ್ನೂ ಬೇಗ ಹೊರಳಿಸಿರಿ.

ಅದನ್ನು ಕಾಣುವುದು ಹೇಗೆ? ಬೆರಳಿನಿಂದ ಒತ್ತಿದಾಗ ಬಿಳಿಚದ ಕೆಂಪು ಕಲೆ ಮೊದಲ ಸೂಚನೆ ಎಂದು ಪುಸ್ತಕ ಹೇಳುತ್ತದೆ. ನಮ್ಮವರ ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಕಾಣದೇ ಹೋಗಬಹುದು. ಆದ್ದರಿಂದಲೇ ಸಿಸ್ಟರ್ ಬಾಲದ ಎಲುಬು, ಸೊಂಟದ ಪಕ್ಕ, ಹಿಮ್ಮಡಿಗಳನ್ನು ಮುಟ್ಟಿ ನೋಡುತ್ತಾರೆ. ಸುತ್ತಲಿನ ಚರ್ಮಕ್ಕಿಂತ ಬಿಸಿ, ತಂಪು, ಗಟ್ಟಿ ಅಥವಾ ಮೆತ್ತಗೆ ಇದೆಯೇ, ನೋವಿದೆಯೇ ಎಂದು ನೀವೂ ಪರೀಕ್ಷಿಸಿರಿ. ಅಂಕ ಚೆನ್ನಾಗಿದ್ದರೂ ಕೈಗೆ ಬೇರೆ ಅನಿಸಿದರೆ ಸಿಸ್ಟರ್ ಕೈಯನ್ನೇ ನಂಬುತ್ತಾರೆ.

ಹಿಮ್ಮಡಿಯ ಕೆಳಗೆ ನೀರು ತುಂಬಿದ ಗ್ಲೌಸ್, ಬೆನ್ನಿನ ಕೆಳಗೆ ಗಾಳಿ ತುಂಬಿದ ಬಳೆ ಇಡಬೇಡಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿರಿ. ರೋಗಿಯನ್ನು ಎಳೆಯದೆ, ಇಬ್ಬರು ಸೇರಿ ಚಾದರದಿಂದ ಎತ್ತಿ ಸರಿಸಿರಿ. ಬೇಸಿಗೆಯಲ್ಲಿ ಬೆವರಿದ ಬಟ್ಟೆಯನ್ನು ಕೂಡಲೇ ಬದಲಿಸಿರಿ.

"ಈಗಷ್ಟೇ ಕಣ್ಣು ಹತ್ತಿದೆ, ಹೊರಳಿಸಬೇಡಿ" ಎಂದು ರಾತ್ರಿ ಸಿಸ್ಟರನ್ನು ತಡೆಯುವವರಿದ್ದಾರೆ. ಅದು ಪ್ರೀತಿಯ ಮಾತೇ, ಆದರೂ ತಡೆಯಬೇಡಿ. ರಾತ್ರಿ ಪಕ್ಕದಲ್ಲಿದ್ದವರು ಏನಾದರೂ ಕಂಡರೆ ಬೆಳಗಿನ ರೌಂಡ್ಸ್‌ಗೆ ಕಾಯದೆ ಆಗಲೇ ಕರೆದು ತೋರಿಸಿರಿ.